ಮಸ್ಕತ್ತಿನ ಷೇರಿಗೆ ಬಲಪ್ರಸಾದ

ಮಂಕಿ
೧೪-೧೧-೨೦೨೪

ಪ್ರೀತಿಯ ಯೋಗೇಶನಿಗೆ ಅಕ್ಕನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ, ಬರೆದಿದ್ದೇನೆ. ದೀಪಾವಳಿಗೆ ಮೊದಲೇ ಬರೆಯಬೇಕಿತ್ತು, ಮನಸ್ಸಾಗಲಿಲ್ಲ, ತಪ್ಪು ತಿಳಿಯಬೇಡ. ನಿನ್ನ ಫೋನು ಹತ್ತುವುದಿಲ್ಲ. ಶಿರಾಲಿಯ ಅರುಣ ಮಸ್ಕತ್ತಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಡುತ್ತಿದ್ದೇನೆ.

ಅಮ್ಮನ ಮಂಡಿನೋವು ಹಾಗೇ ಇದೆ. ಗದ್ದೆ ಕೊಯ್ಲು ಮುಗಿಯಿತು. ಹೋದ ವರ್ಷ ನೀನು ಬಂದು ನೀನು ಕೆಲಸಕ್ಕಿದ್ದ ಕಂಪನಿಯ ಷೇರನ್ನು ಊರವರಿಗೆ ಮಾರಿ ಹೋದೆಯಲ್ಲ, ಆ ಕಂಪನಿ ಬಾಗಿಲು ಹಾಕಿದ ಸುದ್ದಿ ಬಂದಾಗಿನಿಂದ ಕೊಂಡವರು ದಿನಾ ಒಬ್ಬರಾದರೂ ಬರುತ್ತಾರೆ. ಬಯ್ಯುವುದಿಲ್ಲ ಮಾರಾಯ, ಅದೇ ಕಷ್ಟ. ಚಾ ಕುಡಿದು, ನಿನ್ನ ಆರೋಗ್ಯ ವಿಚಾರಿಸಿ ಹೋಗುತ್ತಾರೆ.

ಕುಮಟೆಗೆ ಹೋಗಿ ಆಡಿಟರ್ ರಮಾಕಾಂತರನ್ನು ಕಂಡೆ. ಕಂಪನಿ ಮಸ್ಕತ್ತಿನಲ್ಲಿ ನೋಂದಣಿಯಾಗಿದೆ ಎಂದು ನೀನು ಹೇಳಿದ್ದನ್ನೇ ಹೇಳಿದೆ. ಅದು ಆ ದೇಶಕ್ಕಾಯಿತು, ಇಲ್ಲಿಗೆ ಸಾಲದು ಎಂದರು. ಹೊರದೇಶದ ಕಂಪನಿ ಇಲ್ಲಿಯ ಜನರಿಗೆ ಷೇರು ಮಾರುವ ಮೊದಲು ತನ್ನ ಲಾಭ, ಸಾಲ, ಅಪಾಯಗಳನ್ನೆಲ್ಲ ಬರೆದು ಇಲ್ಲಿಯ ಸರ್ಕಾರದಲ್ಲಿ ನೋಂದಾಯಿಸಬೇಕಂತೆ. ನಿಮ್ಮವರು ಮಾಡಿಲ್ಲ. ಯಾರಾದರೂ ದೂರು ಕೊಟ್ಟರೆ ವಿಚಾರಣೆಯಾದೀತು, ಇಲ್ಲದಿದ್ದರೆ ಹೋದದ್ದು ಹೋಯಿತು ಎಂದರು.

ದೂರು ಯಾರು ಕೊಡುತ್ತಾರೆ? ದುಡ್ಡು ಹಾಕುವ ಮೊದಲು ಇವರೆಲ್ಲ ಸೇರಿ ದೇವಸ್ಥಾನದಲ್ಲಿ ಪ್ರಸಾದ ಕೇಳಿದ್ದರು. ದೇವರ ಮೂರ್ತಿಯ ಮೇಲಿಟ್ಟ ಹೂವು ಬಲಕ್ಕೇ ಬಿದ್ದು ಒಪ್ಪಿಗೆ ಸಿಕ್ಕಿತ್ತು. ಸೊಸೆಯ ಬಳೆ ಮಾರಿ ಷೇರು ಕೊಂಡ ಪಕ್ಕದ ಮನೆ ಮಾಸ್ತಮ್ಮ ನನಗೇ ಸಮಾಧಾನ ಹೇಳಿದಳು.

"ದೇವ್ರೇ ಬಲಕ್ಕೆ ಕೊಟ್ಟದ್ದು ಮಗಾ. ಈಗ ದೂರು ಕೊಟ್ರೆ ದೇವ್ರ ಮೇಲೇ ಕೊಟ್ಟಾಂಗೆ ಆತು. ಎಂತ ಮಾಡುದು?"

ಆದರೆ ಅಂದು ಭಟ್ಟರು ದೇವರ ಮುಂದಿಟ್ಟ ಪ್ರಶ್ನೆ ನನಗೆ ನೆನಪಿದೆ. ಯೋಗೇಶ ನಂಬುವಂಥ ಹುಡುಗನೋ ಅಲ್ಲವೋ ಎಂದಷ್ಟೇ ಕೇಳಿದ್ದು. ಕಂಪನಿಯ ಸುದ್ದಿಯನ್ನು ಯಾರೂ ಎತ್ತಲೇ ಇಲ್ಲ. ದೇವರು ಕೇಳಿದ್ದಕ್ಕೆ ಸರಿಯಾಗಿಯೇ ಹೇಳಿದ್ದಾನೆ. ನಿನ್ನ ಮೇಲೆ ನನಗೂ ಸಂಶಯವಿಲ್ಲ. ನಿನಗೂ ಅವರು ಸುಳ್ಳೇ ಹೇಳಿರಬೇಕು. ಆದರೆ ಸಾಕಾಗಿದೆ ತಮ್ಮಾ. ಬಂದವರ ಮುಖ ನೋಡಿ, ಚಾ ಮಾಡಿ ಮಾಡಿ ಸಾಕಾಗಿದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಎಲ್ಲಿದ್ದರೂ ತಣ್ಣಗಿರು.

ನಿನ್ನ ಅಕ್ಕ,
ಭಾರತಿ

ತಾ.ಕ.: ನನ್ನ ಹೆಸರಿನಲ್ಲೂ ನೀನು ಷೇರು ಕೊಡಿಸಿದ್ದೆಯಲ್ಲ, ಠಾಣೆಗೆ ಹೋಗಿ ದೂರು ನಾನೇ ಕೊಟ್ಟೆ. ಮಾರಿದವರು ಯಾರು ಎಂದು ಕೇಳಿದರು, ನಿನ್ನ ಹೆಸರು ಹೇಳಿದೆ. ಅಮ್ಮನಿಗೆ ಗೊತ್ತಿಲ್ಲ. ನೀನು ಮಂಗಳೂರಿನಲ್ಲಿ ವಿಮಾನ ಇಳಿದ ಕೂಡಲೇ ವಿಚಾರಣೆಗೆ ಕರೆದೊಯ್ಯಬಹುದು ಎಂದು ರಮಾಕಾಂತರು ಹೇಳಿದ್ದಾರೆ. ಆದರೂ ಬಾ. ನಾನು ಹೊರಗೆ ಕಾಯುತ್ತಿರುತ್ತೇನೆ.