ಎಣ್ಣೆಗೆರೆಯ ಜೋಡಿ ದಾಟು

ಎಣ್ಣೆಗೆರೆ
ನೆರಳು ಸಂವತ್ಸರ ತೊಂಬತ್ತೊಂದು, ಉಳಿದ ದಿನ

ಎಣ್ಣೆಗೆರೆ ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿ ಮೆಹರುನ್ನೀಸಾ ಮೇಡಂ ಅವರಿಗೆ, ಅದೇ ಶಾಲೆಯ ಈಗಿನ ಹಿರಿಯಕ್ಕ ಓಬಕ್ಕ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ವರ್ಷಕ್ಕೆ ಹದಿಮೂರು ತಿಂಗಳು, ಪ್ರತಿ ತಿಂಗಳಿಗೂ ನಾಲ್ಕೇ ವಾರ. ಹಾಗೆ ಹಂಚಿದ ಮೇಲೆ ಯಾವ ತಿಂಗಳಿಗೂ ಸೇರದ ದಿನವೊಂದು ಉಳಿಯುತ್ತದೆ. ಅದೇ ಉಳಿದ ದಿನ. ಅವತ್ತು ಹಿಂದೋಲೆ ಕಚೇರಿ ಬಿಟ್ಟು ಬೇರೆ ಯಾವ ಕಚೇರಿಯೂ ಬಾಗಿಲು ತೆರೆಯುವುದಿಲ್ಲ. ಹಿಂದೋಲೆ ಎಂದರೆ ಆಗಿಹೋದ ಕಾಲದವರಿಗೆ ಬರೆಯುವ ಓಲೆ. ಊರಿಗೆ ವರ್ಷಕ್ಕೆ ಒಂದಕ್ಕೆ ಮಾತ್ರ ಅವಕಾಶ. ಅದು ನಿಜವಾಗಿ ತಲುಪುತ್ತದೆಯೇ ಎಂದು ಕೇಳಿದರೆ ಕಚೇರಿಯವರು ತಲುಪುತ್ತದೆ ಎನ್ನುತ್ತಾರೆ. ಇಲಾಖೆಯವರ ಮಾತನ್ನು ಎಷ್ಟು ನಂಬಬೇಕೆಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಕಟ್ಟಳೆಗಳು ಎರಡೇ. ಓಲೆ ಪಡೆಯುವವರು ದುಡ್ಡು ಮಾಡಿಕೊಳ್ಳುವಂಥ ಸುದ್ದಿ ಬರೆಯಬಾರದು. ಅವರ ಕೊನೆಗಾಲದ ಸುದ್ದಿಯನ್ನೂ ಬರೆಯಬಾರದು.

ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ನಿಮ್ಮ ಹಳೆಯ ಪ್ರಶ್ನೆಪತ್ರಿಕೆಗಳಿಂದ. ನಡುನಡುವೆ 'ವಿವರಿಸಿ', 'ಕಾರಣ ಕೊಡಿ' ಎಂಬ ಧಾಟಿ ಇಣುಕಿದರೆ ಅದು ನನ್ನ ಗುಣವಲ್ಲ, ಆ ಪತ್ರಿಕೆಗಳದು. ಮುಖ್ಯೋಪಾಧ್ಯಾಯಿನಿ ಎಂಬ ಪದವನ್ನು ಬಿಟ್ಟು ನಾವು ಹಿರಿಯಕ್ಕ ಎನ್ನುತ್ತೇವೆ, ಉಸಿರು ಉಳಿಯುತ್ತದೆ. ಇನ್ನು ವಯಸ್ಸಿನ ವಿಷಯ. ನನಗೆ ಎಪ್ಪತ್ತಾಗಿದೆ, ನಿಮಗಿನ್ನೂ ಐವತ್ತು ದಾಟಿಲ್ಲ. ಆದರೆ ನೀವು ನನ್ನ ಮುತ್ತಜ್ಜಿಗೆ ವಿಜ್ಞಾನ ಹೇಳಿಕೊಟ್ಟವರು. ಆದ್ದರಿಂದ ಕಾಲಿಗೆ ಬೀಳಬೇಕಾದವಳು ನಾನೇ.

ಈ ಓಲೆ ನಿಮ್ಮ ಕೈ ಸೇರುವಾಗ ಫಲಿತಾಂಶ ಬಂದು ವಾರವಾಗಿರುತ್ತದೆ. ಹತ್ತನೆಯ ತರಗತಿ ಮುಗಿಸಲು ಸರ್ಕಾರ ಹೊಸ ನಿಯಮ ತಂದ ಮೊದಲ ವರ್ಷ ಅದು. ಬಾಯಿಪಾಠದ ಪ್ರಶ್ನೆಗಳು ಹೋದವು, ತೇರ್ಗಡೆಯ ಅಂಕ ಮೇಲಕ್ಕೇರಿತು, ಪ್ರತಿ ಮಗುವೂ ತಾನೇ ಹುಡುಕಿ ಮಾಡಿದ ಕೆಲಸವೊಂದನ್ನು ಜನರೆದುರು ನಿಂತು ವಿವರಿಸಬೇಕೆಂದಾಯಿತು. ನಿಮ್ಮ ಶಾಲೆಯಲ್ಲಿ ಬಹುಪಾಲು ಮಕ್ಕಳು ತೇರ್ಗಡೆಯಾಗದೆ ಉಳಿದುಕೊಂಡಿದ್ದಾರೆ. ಗೇಟಿನ ಹತ್ತಿರ ತಂದೆತಾಯಂದಿರು ಸೇರಿದ್ದಾರೆ. ನಿಮ್ಮ ಜೋಡಿ ಪದ್ಧತಿಯನ್ನು ರದ್ದುಮಾಡಿ ಹಳೆಯ ಕ್ರಮಕ್ಕೆ ಹಿಂತಿರುಗುವ ಪತ್ರ ಮೇಜಿನ ಮೇಲಿದೆ, ನಿಮ್ಮ ಸಹಿಯೊಂದೇ ಬಾಕಿ. ಸಹಿ ಹಾಕಬೇಡಿ ಎಂದು ಹೇಳುವುದಕ್ಕೆ ಇದನ್ನು ಬರೆಯುತ್ತಿದ್ದೇನೆ. ನೀವು ಹಾಕಲಿಲ್ಲ ಎಂದು ನಮಗೆ ಗೊತ್ತಿದೆ. ಹಾಗಿದ್ದರೆ ಯಾಕೆ ಬರೆಯುತ್ತೀ ಎಂದು ಕೇಳಿದರೆ, ಹಾಕದೇ ಇದ್ದದ್ದಕ್ಕೆ ಈ ಓಲೆಯೇ ಕಾರಣವಿರಬಹುದಲ್ಲ. ಆ ಲೆಕ್ಕ ನನ್ನ ತಲೆಗೆ ಹತ್ತುವುದಿಲ್ಲ.

ನಿಮ್ಮ ಶಾಲೆ ಈಗ ಹೇಗಿದೆ ಎಂದು ಸ್ವಲ್ಪ ಹೇಳುತ್ತೇನೆ, ಮನಸ್ಸಿಗೆ ಹಿತವಾಗಲಿ. ಕಟ್ಟಡದ ಅರ್ಧ ಭಾಗ ನೆಲದ ಕೆಳಗಿದೆ, ಬಿಸಿಲು ಈಗ ನಿಮ್ಮ ಕಾಲದ ಬಿಸಿಲಲ್ಲ. ಬೆಳಗಿನ ಜಾವ ಪಾಠ ಶುರು. ಹತ್ತು ಗಂಟೆಗೆ ನೆರಳು ಹೊತ್ತು ಬರುತ್ತದೆ, ಅಂದರೆ ಊರಿಗೆ ಊರೇ ಒಳಗೆ ಸೇರಿ ಮಲಗುವ ಹೊತ್ತು. ಮಕ್ಕಳು ಶಾಲೆಯಲ್ಲೇ ಚಾಪೆ ಹಾಸಿ ಮಲಗುತ್ತಾರೆ, ಶಿಕ್ಷಕರು ಅವರಿಗಿಂತ ಮೊದಲು ಗೊರಕೆ ಹೊಡೆಯುತ್ತಾರೆ. ಸಂಜೆ ಎದ್ದು ಮಂಡಕ್ಕಿ ಮೆಣಸಿನಕಾಯಿ ತಿಂದು ಮತ್ತೆ ಪಾಠ. ಮಂಡಕ್ಕಿ ಮಾತ್ರ ನಿಮ್ಮ ಕಾಲದಿಂದ ಹಾಗೇ ಉಳಿದಿದೆ, ಅದನ್ನು ಸುಧಾರಿಸುವ ಧೈರ್ಯ ಯಾವ ಸರ್ಕಾರಕ್ಕೂ ಬಂದಿಲ್ಲ. ಮಾಳಿಗೆಯ ಮೇಲೆ ನವಣೆ ಬೆಳೆಯುತ್ತೇವೆ. ಬೀದಿಗಳಿಗೆಲ್ಲ ಚಪ್ಪರವಿದೆ. ನಿಮ್ಮ ಕಾಲದ ಚೆಂದದ ಹೆಸರುಗಳೆಲ್ಲ ಹಳತಾಗಿ, ಮಕ್ಕಳಿಗೆ ಈಗ ಓಬಕ್ಕ, ಬೋರಕ್ಕ, ತಿಪ್ಪಕ್ಕ ಎಂದೇ ಹೆಸರಿಡುವುದು.

ಆದರೆ ಒಳಗೆ ಬಂದರೆ ಇದು ನಿಮ್ಮದೇ ಶಾಲೆ. ಎಂಟು, ಒಂಬತ್ತು, ಹತ್ತರ ನಡುವಿನ ಗೋಡೆಗಳನ್ನು ನೀವು ಒಡೆಸಿದಿರಲ್ಲ, ಅವನ್ನು ಯಾರೂ ಮತ್ತೆ ಕಟ್ಟಲಿಲ್ಲ. ಆ ವರ್ಷ ಸುತ್ತಲಿನ ಶಾಲೆಗಳೆಲ್ಲ ನಸುಕಿನ ಐದಕ್ಕೆ ವಿಶೇಷ ತರಗತಿ ಇಟ್ಟವಂತೆ, ಗೈಡುಗಳ ಮೇಲೆ ಗೈಡು ತರಿಸಿದವಂತೆ. ಅಳತೆಗೋಲು ಉದ್ದವಾದರೆ ಮಕ್ಕಳನ್ನು ಇನ್ನಷ್ಟು ಹೊತ್ತು ಕೂರಿಸಬೇಕು ಎಂದೇ ಎಲ್ಲರ ಲೆಕ್ಕ. ನೀವೊಬ್ಬರೇ ಶಾಲೆಯನ್ನೇ ಬಿಚ್ಚಿ ಹೊಲಿದವರು. ನಲವತ್ತು ನಿಮಿಷಕ್ಕೊಮ್ಮೆ ಬಾರಿಸುತ್ತಿದ್ದ ಗಂಟೆ, ಅಂದರೆ ಬೇವಿನ ಮರಕ್ಕೆ ತೂಗುಹಾಕಿದ್ದ ರೈಲುಕಂಬಿಯ ತುಂಡು, ಅದನ್ನು ಬಿಚ್ಚಿಸಿ ಒಳಗಿಟ್ಟಿರಿ. ಓದು ಕುದಿಗೆ ಬರುವ ಹೊತ್ತಿಗೆ ಒಲೆ ಆರಿಸುವುದು ಯಾಕೆ ಎಂದಿರಂತೆ. ಮೂರು ವರ್ಷವೂ ಅದೇ ಮಕ್ಕಳಿಗೆ ಅದೇ ಶಿಕ್ಷಕರು ಎಂದಿರಿ. ಎಲ್ಲಕ್ಕಿಂತ ದೊಡ್ಡದು, ಜೋಡಿ. ಎಂಟನೆಯ ತರಗತಿಗೆ ಬಂದ ಪ್ರತಿ ಮಗುವಿಗೂ ಇನ್ನೊಂದು ಮಗು ಜೋಡಿ. ಕೊನೆಯ ದಿನ ತನ್ನ ಕೆಲಸವನ್ನಲ್ಲ, ಜೋಡಿಯ ಕೆಲಸವನ್ನು ವಿವರಿಸಬೇಕು. ದಾಟಿದರೆ ಇಬ್ಬರೂ ದಾಟಬೇಕು. ನಾವು ಪರೀಕ್ಷೆ ಎನ್ನುವುದಿಲ್ಲ, ದಾಟು ಎನ್ನುತ್ತೇವೆ. ನಿಮ್ಮ ಧೈರ್ಯ ನೆನೆದಾಗಲೆಲ್ಲ ನನಗೆ ನಿಮ್ಮ ಮೇಲೆ ಪ್ರೀತಿ ಉಕ್ಕುತ್ತದೆ. ನಾಚಿಕೆಯಿಲ್ಲದೆ ಹೇಳುತ್ತೇನೆ.

ಮೊದಲ ವರ್ಷ ಏನಾಯಿತು ಎನ್ನುವುದನ್ನು ನಿಮಗೇ ಹೇಳುವುದು ತಮಾಷೆಯೇ. ಆದರೂ ಆ ಕಥೆ ನಮ್ಮ ಊರಿನಲ್ಲಿ ಇನ್ನೂ ಹೇಗೆ ಓಡಾಡುತ್ತಿದೆ ಎಂದು ನಿಮಗೆ ಗೊತ್ತಾಗಬೇಕು. ನನ್ನ ಮುತ್ತಜ್ಜಿ ಸಿಂಚನಾ, ತರಗತಿಗೇ ಮುಂದಿದ್ದವಳು, ಬೋರ್ ನೀರು ಕಾಸಿದ ಪಾತ್ರೆಯಲ್ಲಿ ಬಿಳಿ ಯಾಕೆ ಕಟ್ಟುತ್ತದೆ ಎಂದು ಹುಡುಕಿದ್ದಳು. ಅವಳ ಜೋಡಿ ತಿಪ್ಪೇಶ. ಅದನ್ನು ಅವನು ಮೇಲಿನಿಂದ ಬಂದ ಅಧಿಕಾರಿಗಳೆದುರು ವಿವರಿಸಬೇಕು. ಹುಡುಗ ಎದ್ದು ನಿಂತು ನೀರು ಸುರಿದ ಹಾಗೆ ಒಪ್ಪಿಸತೊಡಗಿದ. ನಮ್ಮಜ್ಜಿ ದಿನಾ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಾರೆ ಎಂದ. ಅಧಿಕಾರಿಯೊಬ್ಬರು ಪ್ರೀತಿಯಿಂದಲೇ, ನಿಮ್ಮಜ್ಜಿಗೆ ಎಷ್ಟು ವಯಸ್ಸು ಎಂದು ಕೇಳಿದರು.

"ನನಗೆ ಅಜ್ಜಿ ಇಲ್ಲ ಸಾರ್. ಇದು ಸಿಂಚನಾ ಅವ್ರಜ್ಜಿ" ಎಂದು ಹೇಳಿ, ತಿಪ್ಪೇಶ ಎಲ್ಲಿ ನಿಲ್ಲಿಸಿದ್ದನೋ ಅಲ್ಲಿಂದ ಮುಂದುವರಿಸಿದನಂತೆ.

ಅವನೊಬ್ಬನೇ ಅಲ್ಲ. ಇಡೀ ತರಗತಿ ಪರಸ್ಪರರ ಕೆಲಸವನ್ನು ಉರುಹೊಡೆದು ಬಂದಿತ್ತು. ಬಾಯಿಪಾಠ ಬಿಡಿಸಲು ನೀವು ಜೋಡಿ ಮಾಡಿದಿರಿ, ಮಕ್ಕಳು ಜೋಡಿಯನ್ನೇ ಬಾಯಿಪಾಠ ಮಾಡಿದರು. ತಪ್ಪು ಅವರದಲ್ಲ, ಒಂದನೆಯ ತರಗತಿಯಿಂದ ಅವರು ಕಲಿತಿದ್ದ ವಿದ್ಯೆ ಅದೊಂದೇ. ಈ ಕಥೆಗೆ ನಾವು ಹೊಟ್ಟೆ ಹುಣ್ಣಾಗುವಷ್ಟು ನಗುತ್ತೇವೆ. ನಿಮಗೆ ಅವತ್ತು ನಗು ಬಂದಿರಲಾರದು.

ಯಾಕೆಂದರೆ ಸಿಂಚನಾಗೆ ದಾವಣಗೆರೆಯ ಕಾಲೇಜಿನಲ್ಲಿ ಸೀಟು ಖಾತ್ರಿಯಾಗಿತ್ತು, ಜೋಡಿ ದಾಟದೆ ಅದು ಕೈತಪ್ಪಿತು. ಅವಳ ಅಪ್ಪ ಗೇಟಿನ ಹತ್ತಿರ ನಿಮ್ಮನ್ನು ನಿಲ್ಲಿಸಿಕೊಂಡರು. ಕೂಗಾಡಲಿಲ್ಲ. ಅವರು ಕೇಳಿದ ಮಾತು ನಮ್ಮ ಮನೆಯಲ್ಲಿ ಆರು ತಲೆಮಾರಿನಿಂದ ಹಾಗೇ ಇದೆ.

"ನನ್ನ ಮಗಳಿಗೆ ಎಲ್ಲಾ ಬತ್ತೈತೆ ಮೇಡಂ. ಆ ಹುಡ್ಗನ ಸಲುವಾಗಿ ಇವಳ್ಯಾಕೆ ಒಂದು ವರ್ಷ ಕುಂತ್ಕಬೇಕು?"

ನ್ಯಾಯವಾದ ಪ್ರಶ್ನೆ. ನಿಮ್ಮ ಹತ್ತಿರ ಉತ್ತರ ಇರಲಿಲ್ಲ. ಈಗ ಇದನ್ನು ಓದುತ್ತಿರುವಾಗಲೂ ಇಲ್ಲ. ಅದಕ್ಕೇ ಆ ಪತ್ರ ಇನ್ನೂ ನಿಮ್ಮ ಮೇಜಿನ ಮೇಲಿದೆ.

ಉತ್ತರ ಸಿಕ್ಕಿದ್ದು ಆಮೇಲೆ. ನೀವು ಸಹಿ ಹಾಕದೆ ಆ ಪತ್ರವನ್ನು ಹಿಂದಕ್ಕೆ ಕಳಿಸಿದಿರಿ, ಸಿಂಚನಾ ಅಳುತ್ತಾ ಶಾಲೆಗೆ ವಾಪಸು ಬಂದಳು. ತಿಂಗಳುಗಟ್ಟಲೆ ತಿಪ್ಪೇಶನ ಜೊತೆ ಮಾತೇ ಆಡಲಿಲ್ಲವಂತೆ, ಮುಖ ಊದಿಸಿಕೊಂಡು ಪಾಠ ಹೇಳುತ್ತಿದ್ದಳು, ಅವನು ತಲೆ ಬಗ್ಗಿಸಿ ಕೇಳುತ್ತಿದ್ದ. ಮುಂದೊಂದು ದಿನ ಅವನು ತಲೆ ಎತ್ತಿ ಕೇಳಿದ:

"ನೀರು ತಿಳಿಯಾಗೇ ಇತ್ತಲ್ಲ. ಕಾಸೋಕೆ ಮುಂಚೆ ಆ ಬಿಳೇದು ಎಲ್ಲಿತ್ತು?"

ಸುಣ್ಣದ ಅಂಶ, ಗಡಸುತನ ಎಂಬ ಪದಗಳೆಲ್ಲ ಸಿಂಚನಾಗೆ ಗೊತ್ತಿದ್ದವು. ಕಣ್ಣಿಗೆ ಕಾಣದ ವಸ್ತು ತಿಳಿನೀರಿನಲ್ಲಿ ಹೇಗೆ ಅಡಗಿತ್ತು, ಬಿಸಿಯಾದ ಮಾತ್ರಕ್ಕೆ ಯಾಕೆ ಹೊರಬಂತು, ಅದನ್ನು ಅವಳು ಯಾವತ್ತೂ ಯೋಚಿಸಿರಲಿಲ್ಲ. ನಾನು ಏಳು ವರ್ಷದವಳಿದ್ದಾಗ ಅವಳ ಮಡಿಲಲ್ಲಿ ಕೂತು ಈ ಕಥೆ ಕೇಳಿದ್ದೇನೆ. ಆಗ ಅವಳಿಗೆ ಹಲ್ಲೂ ಇರಲಿಲ್ಲ, ಸಂಕೋಚವೂ ಇರಲಿಲ್ಲ.

"ಅವನ ಸಲುವಾಗಿ ನಾನು ಕುಂತಿದ್ದಲ್ಲ ಕಣವ್ವಾ. ನನಗೇ ಬತ್ತಿರಲಿಲ್ಲ" ಎಂದಳು.

ಮೇಡಂ, ಆ ಅಪ್ಪನ ಪ್ರಶ್ನೆಗೆ ಉತ್ತರ ಇದು. ಬೇಕಾದರೆ ಈಗಲೇ ಗೇಟಿಗೆ ಹೋಗಿ ಹೇಳಿ. ಅವರು ನಂಬುವುದಿಲ್ಲ. ನೀವಾದರೂ ನಂಬಿ.

ಇದನ್ನೆಲ್ಲ ಈ ವರ್ಷವೇ ಬರೆಯಲು ಕಾರಣವಿದೆ. ನಾಳೆ ನಮ್ಮ ಊರಸಭೆಯಲ್ಲಿ ಒಂಟಿ ದಾಟಿಗೆ ಒಪ್ಪಿಗೆ ಕೊಡಬೇಕೋ ಬೇಡವೋ ಎಂದು ಕೈ ಎತ್ತಿಸುತ್ತಾರೆ. ನನ್ನ ಮೊಮ್ಮಗಳು ಬೋರಕ್ಕ ಈ ಸಲ ದಾಟಲಿಲ್ಲ. ಅವಳ ಜೋಡಿ ಶೇಷಿ, ಸಮುದ್ರವು ರಸ್ತೆಯನ್ನು ನುಂಗಿದ ಮೇಲೆ ಕರಾವಳಿಯಿಂದ ನಮ್ಮೂರಿಗೆ ಬಂದ ಮನೆಯ ಹುಡುಗಿ. ಮಾತು ಕಡಿಮೆ, ಜನರೆದುರು ನಿಂತರೆ ಬಾಯೇ ಕಟ್ಟಿಹೋಗುತ್ತದೆ. ನೀರಿನ ತರಬೇತಿಗೆ ಬೋರಕ್ಕನಿಗೆ ಕರೆ ಬಂದಿತ್ತು, ಅದು ಈಗ ಕೈತಪ್ಪುತ್ತದೆ. ಅವಳು ಬಂದು ನನ್ನನ್ನು ಕೇಳಿದ್ದು ಅದೇ ಮಾತು, ಮುತ್ತಜ್ಜಿಯ ಅಪ್ಪ ನಿಮ್ಮನ್ನು ಕೇಳಿದ ಮಾತು. ಹಿರಿಯಕ್ಕನಾಗಿ ಉತ್ತರ ಕೊಡುವುದು ಸುಲಭ. ಅಜ್ಜಿಯಾಗಿ ಮಾತ್ರ, ಈ ಜೋಡಿ ಗೀಡಿ ಎಲ್ಲ ಸಾಕು, ಮಗು ಹೋಗಲಿ ಎಂದು ನನಗೂ ಅನ್ನಿಸಿತು.

ಮೊನ್ನೆ ಸಂಜೆ ಇಬ್ಬರೂ ಮಾಳಿಗೆಯ ಮೇಲಿದ್ದರು. ಪಡುವಣ ಅಂಚಿನ ನವಣೆ ಯಾಕೆ ಬಾಡುತ್ತದೆ ಎನ್ನುವುದು ಬೋರಕ್ಕನ ಕೆಲಸ. ಅವಳು ಹತ್ತನೆಯ ಸಲ ಬೇಸರದಿಂದ ಹೇಳುತ್ತಿದ್ದಳು. ಶೇಷಿ ಮೆಲ್ಲಗೆ ಕೇಳಿದಳು: "ನೀ ಹೇಳೂದೆಲ್ಲ ಹಗಲಿಂದು. ರಾತ್ರಿ ಗಿಡ ಎಂತ ಮಾಡ್ತದೆ?"

ಮೆಟ್ಟಿಲ ಮೇಲೆ ನೀರಿನ ಚೊಂಬು ಹಿಡಿದು ನಿಂತಿದ್ದ ನನಗೆ ಕಣ್ಣಲ್ಲಿ ನೀರು ಬಂತು. ಅವತ್ತಿನಿಂದ ಬೋರಕ್ಕ ರಾತ್ರಿಯೆಲ್ಲ ಚಾಪೆ ಹಾಸಿಕೊಂಡು ಮಾಳಿಗೆಯಲ್ಲೇ ಇದ್ದಾಳೆ, ಊಟವನ್ನೂ ಶೇಷಿಯೇ ಒಯ್ದು ಕೊಡುತ್ತಿದ್ದಾಳೆ. ನಾಳೆ ನಾನು ಒಂಟಿ ದಾಟಿಗೆ ಕೈ ಎತ್ತುವುದಿಲ್ಲ. ಸೋಲಬಹುದು. ನಿಮ್ಮ ಶಾಲೆಯಲ್ಲಿ ಸೋಲುವುದು ಹೊಸದೇನಲ್ಲವಲ್ಲ.

ಇನ್ನು ಮರುವರ್ಷದ ದಾಟಿನ ದಿನದ ಸುದ್ದಿ. ಅವತ್ತು ನೀವು ಅಲ್ಲಿ ಇರಲಿಲ್ಲ. ಯಾಕೆ ಇರಲಿಲ್ಲ ಎಂದು ಬರೆಯಲು ನನಗೆ ಅನುಮತಿಯಿಲ್ಲ, ದಯವಿಟ್ಟು ಕೇಳಬೇಡಿ. ಆದರೆ ನೀವು ಮಾಡಿಟ್ಟ ಏರ್ಪಾಡಿನಂತೆಯೇ ಎಲ್ಲವೂ ನಡೆಯಿತು. ಪ್ರಶ್ನೆ ಕೇಳಲು ಅಧಿಕಾರಿಗಳ ಬದಲು ಊರಿನವರನ್ನು ಕರೆಯಬೇಕು, ಆ ಉತ್ತರ ಯಾರಿಗೆ ಬೇಕೋ ಅವರೇ ಕೇಳಬೇಕು ಎಂದು ನೀವು ಬದಲಾಯಿಸಿದ್ದಿರಿ. ತಿಪ್ಪೇಶನ ಎದುರು ಕೂತದ್ದು ಸಿಂಚನಾಳ ಅಜ್ಜಿ, ಹುಣಸೆಹಣ್ಣು ಹಾಕಿ ಪಾತ್ರೆ ಉಜ್ಜುವ ಅದೇ ಅಜ್ಜಿ. ತಿಪ್ಪೇಶ ತನ್ನದೇ ಮಾತಿನಲ್ಲಿ, ತಡವರಿಸುತ್ತಾ, ಎಲ್ಲ ಹೇಳಿದ. ಅಜ್ಜಿ ಕೇಳಿಸಿಕೊಂಡು, ಆ ಬಿಳಿ ಹೊಟ್ಟೆಗೆ ಹೋದರೆ ಏನಾಗುತ್ತದಪ್ಪಾ ಎಂದರು. ಅದನ್ನು ಅವರಿಬ್ಬರೂ ಓದಿರಲಿಲ್ಲ.

"ಗೊತ್ತಿಲ್ಲಜ್ಜಿ. ತಿಳ್ಕಂಡು ನಾಳೆ ಮನೆಗೆ ಬಂದು ಹೇಳ್ತೀನಿ" ಎಂದ ತಿಪ್ಪೇಶ.

ಮಾರನೆಯ ದಿನ ಹೋಗಿ ಹೇಳಿಯೂ ಬಂದ. ಆ ಅಜ್ಜಿಯೇ ಶಾಲೆಗೆ ಬಂದು, ಈ ಹುಡುಗನಿಗೆ ಬರುತ್ತದೆ ಎಂದರು. ನಮ್ಮ ಶಾಲೆಯಲ್ಲಿ ಬಾಯಿಪಾಠ ಮಾಡಲು ಈಗಲೂ ಅಪ್ಪಣೆಯಿರುವ ವಾಕ್ಯ ತಿಪ್ಪೇಶನ ಆ 'ಗೊತ್ತಿಲ್ಲಜ್ಜಿ' ಒಂದೇ.

ಆಮೇಲೆ ಇಬ್ಬರೂ ಒಳಗಿದ್ದ ಆ ರೈಲುಕಂಬಿಯ ತುಂಡನ್ನು ಹೊತ್ತು ತಂದು ಬೇವಿನ ಮರಕ್ಕೆ ಕಟ್ಟಿ ಬಾರಿಸಿದರು. ಎಣ್ಣೆ ಗಾಣಗಳವರೆಗೂ ಕೇಳಿಸಿತಂತೆ, ಜನ ಕೆಲಸ ಬಿಟ್ಟು ಹೊರಗೆ ಬಂದು ನಿಂತರಂತೆ. ಅಂದಿನಿಂದ ಜೋಡಿ ದಾಟಿದಾಗ ಮಾತ್ರ ಅದನ್ನು ಬಾರಿಸುತ್ತೇವೆ. ಊರಿಗೆಲ್ಲ ಕೇಳಿಸಿದ ಆ ಸದ್ದು ನಿಮಗೊಬ್ಬರಿಗೆ ಕೇಳಿಸಲಿಲ್ಲ. ಊರಿಗೆ ಸಿಗುವ ಒಂದೇ ಓಲೆಯನ್ನು ಈ ಸಲ ನಾನು ಬೇಡಿ ಪಡೆದದ್ದು ಅದಕ್ಕೇ.

ಅವರು ದಾಟಿದರು, ಮೇಡಂ. ಇಬ್ಬರೂ ದಾಟಿದರು.

ಇಂತಿ ನಿಮ್ಮ ಶಾಲೆಯ
ಓಬಕ್ಕ