ಒಳಗೆ ಸರಿದ ಖೋಲಿಗಳು

೧೨ ನವೆಂಬರ್ ೧೯೯೮, ಗುರುವಾರ. ಸುಲೇಪೇಟ.

ಮಡಿ ಕೆಟ್ಟರೂ ಅಮ್ಮ ಊಟ ಮಾಡಿದಳು. ಅದೇ ತಲೆಯಲ್ಲಿ ಸುತ್ತುತ್ತಿದೆ.

ಸುಣ್ಣಕಲ್ಲಿನ ಸರ್ವೆಗೆಂದು ಕೊಟ್ಟಿರುವ ಈ ಗಾಡಿಮನೆಯ ಎರಡೂ ಖೋಲಿಗಳನ್ನು ಮೇಜಿನ ಖಾನೆಯಂತೆ ಹೊರಗೆ ಎಳೆಯಬಹುದು. ಇಂದು ಗಾಡಿ ನಿಲ್ಲಿಸಲು ಜಾಗ ಸಿಕ್ಕಿದ್ದು ಬಸ್ಸಿನ ದಾರಿಯ ಪಕ್ಕ. ‘ಖೋಲಿ ತೆಗದ್ರ ಬಸ್ಸು ಹೊತ್ಕೊಂಡು ಹೋಗ್ತದ್ರಿ ಸಾಹೇಬ್ರ,’ ಎಂದ ಡ್ರೈವರ್ ಚಂದ್ರಾಮಪ್ಪ. ಖೋಲಿಗಳು ಒಳಗೇ ಉಳಿದವು; ಗಾಡಿಯೊಳಗೆ ಓಡಾಡಲು ಉಳಿದದ್ದು ಮೊಳ ಅಗಲದ ಓಣಿ. ಅದರ ತುದಿಯಲ್ಲಿ ಒಲೆ, ಒಲೆಯ ಮುಂದೆ ಮಡಿ ಸೀರೆಯುಟ್ಟ ಅಮ್ಮ.

ನಕ್ಷೆ ತರಲು ಹೋದಾಗ ನನ್ನ ಹೆಗಲು ಅವಳ ಹೆಗಲಿಗೆ ತಾಗಿತು. ಟಾಕಿಯಲ್ಲಿ ಮತ್ತೊಂದು ಸ್ನಾನಕ್ಕೆ ನೀರಿರಲಿಲ್ಲ. ಇನ್ನು ಉಪವಾಸವೇ ಮಲಗುತ್ತಾಳೆ ಎಂದುಕೊಂಡೆ.

‘ಕಂಬದ್ಹಂಗ ಯಾಕ ನಿಂತೀಯೋ ವಾಸು? ಕುಂದ್ರು, ಅನ್ನ ಆರ್ತದ. ಈ ಗಾಡಿ ಎಷ್ಟು ಅಗಲ ಅದ ಅಂತ ದೇವ್ರಿಗೂ ಗೊತ್ತದ.’ ತಾನೂ ಬಡಿಸಿಕೊಂಡಳು.

ಅಪ್ಪ ಹೋಗಿ ಹನ್ನೊಂದು ವರ್ಷ. ಅಲ್ಲಿಂದೀಚೆಗೆ ನಾವು ಒಬ್ಬರನ್ನೊಬ್ಬರು ಮುಟ್ಟಿದ ನೆನಪಿಲ್ಲ. ಮಡಿ ಅವಳದು, ಆ ಅಂತರ ಮಾತ್ರ ನನಗೂ ಅನುಕೂಲವಾಗಿತ್ತು.

ನಾಳೆ ಐನಾಪುರ. ಅಲ್ಲಿ ದೊಡ್ಡ ಬಯಲಿದೆ. ‘ಎರಡೂ ಖೋಲಿ ತೆಗೀಲೇನ್ರಿ?’ ಎಂದು ಚಂದ್ರಾಮಪ್ಪ ಆಗಲೇ ಕೇಳಿದ. ಬೇಡ ಅಂದೆ. ನಾಳೆಯೂ ಈ ಮೊಳದ ಓಣಿಯೇ ಇರಲಿ.