ಹೊಸ್ತಿಲಿಲ್ಲದ ಬಚ್ಚಲು

ಮಾರ್ಚ್ 3, ಬೆಳಗ್ಗೆ

ಇವತ್ತೂ ಅಡುಗೆಮನೆಯ ಸಿಂಕಿನಲ್ಲೇ ಮುಖ ತೊಳೆದೆ. ಸ್ನಾನ ಹಿತ್ತಿಲಲ್ಲಿ, ಬಕೆಟ್ಟಿನಲ್ಲಿ, ಪಕ್ಕದ ಮನೆಯ ನಾಯಿಯ ಸಮಕ್ಷಮ. ಅರ್ಧದಲ್ಲೇ ಎದ್ದು ಹೋಯಿತು. ನಾಯಿಗೂ ಒಂದು ಟೇಸ್ಟ್ ಅಂತ ಇರುತ್ತದೆ.

ಬಚ್ಚಲಿನೊಳಗೆ ಟೈಲ್ಸಿನವನು ಒಡೆಯುತ್ತಲೇ ಇದ್ದಾನೆ. ಬಂದ ದಿನವೇ ‘ನಾನು ಎಕ್ಸ್‌ಪರ್ಟ್ ಸಾರ್’ ಎಂದಿದ್ದ. ಅಂದಿನಿಂದ ಎಕ್ಸ್‌ಪರ್ಟ್ ಎಂದೇ ಕರೆಯುತ್ತಿದ್ದೇನೆ. ಖುಷಿಪಡುತ್ತಾನೆ, ಪಾಪ.

ಕಟ್ಟುತ್ತಿರುವುದು ವೆಟ್ ರೂಮ್. ಅಂದರೆ ಟಬ್ಬಿಲ್ಲ, ಪರದೆಯಿಲ್ಲ, ಹೊಸ್ತಿಲೂ ಇಲ್ಲ. ಕೋಣೆಗೆ ಕೋಣೆಯೇ ಒದ್ದೆ. ನೆಲದಡಿ ರಬ್ಬರಿನಂಥದೇನೋ ಬಳಿದು, ನೆಲವನ್ನೇ ಮೂಲೆಯ ಜಾಲರಿಯತ್ತ ಇಳಿಜಾರು ಮಾಡುವುದು. ಗಾಲಿಕುರ್ಚಿ ಸೀದಾ ಒಳಗೆ ಹೋಗಬೇಕು, ಅದರಲ್ಲಿ ಕೂತೇ ಸ್ನಾನ. ಯಾರಿಗೆ? ನನ್ನ ಅತ್ತೆಗೆ. ಇವಳು, ನನ್ನ ಹೆಂಡತಿ, ತೀರಿಹೋಗಿ ಇಷ್ಟು ವರ್ಷಗಳ ಮೇಲೆ ಇವಳ ತಾಯಿ ಸೊಂಟ ಮುರಿದುಕೊಂಡು ನನ್ನ ಮನೆಗೆ ಬರುತ್ತಾರಂತೆ. ಐರನಿ ಎನ್ನುತ್ತಾರೆ ಇದಕ್ಕೆ. ಅಥವಾ ಪ್ಯಾರಡಾಕ್ಸ್. ಕಾಲೇಜಿನಲ್ಲಿ ಎರಡಕ್ಕೂ ಇರುವ ವ್ಯತ್ಯಾಸ ಬರೆಯಿರಿ ಅಂತ ಪ್ರಶ್ನೆ ಬಂದಿತ್ತು. ಬಿಟ್ಟಿದ್ದೆ.

ಒಡೆದು ಹಾಕುತ್ತಿರುವ ಟೈಲ್ಸ್ ಇವಳು ಆರಿಸಿದ್ದು. ಗುಲಾಬಿ ಹೂ, ಹಸಿರು ಬಳ್ಳಿ. ವಿಕಾರ. ಅಂಗಡಿಯಲ್ಲೇ ಹೇಳಿದ್ದೆ. ಆದರೂ ಒಡೆಯುವಾಗ ಆ ಮನುಷ್ಯ ಹಾಗೆ ಸಿಳ್ಳೆ ಹಾಕಬಾರದಿತ್ತು.

ಮಾರ್ಚ್ 5

ಭಾವಮೈದುನ ಬಂದಿದ್ದ. ಅತ್ತೆಯ ಒಬ್ಬನೇ ಮಗ. ಧೂಳಿಗೆ ಕರ್ಚೀಫು ಮೂಗಿಗೆ ಒತ್ತಿಕೊಂಡು, ಬಚ್ಚಲಿನ ಬಾಗಿಲಲ್ಲಿ ನಿಂತು, ಸೂತಕದ ಮನೆಗೆ ಬಂದವನ ಹಾಗೆ ತಲೆಯಾಡಿಸಿದ.

“ಭಾವ, ನಿಮಗ್ಯಾಕೆ ಈ ರಾಮಾಯಣ? ಅಮ್ಮನಿಗೆ ಓಲ್ಡ್ ಏಜ್ ಹೋಮ್‌ನಲ್ಲಿ ರೂಮ್ ಹಿಡಿದಿಟ್ಟಿದ್ದೀನಿ. ಹದಿನೆಂಟಕ್ಕೆ ಆಸ್ಪತ್ರೆಯಿಂದ ಬಿಡ್ತಾರೆ. ಅಷ್ಟರಲ್ಲಿ ಇದು ಮುಗಿಯುತ್ತಾ?”

“ಅಷ್ಟು ಕಾಳಜಿ ಇದ್ರೆ ನಿನ್ನ ಮನೆಗೇ ಕರ್ಕೊಂಡು ಹೋಗು.”

“ನಮ್ಮದು ಮೇಲಿನ ಮಹಡಿ, ಭಾವ.”

“ಲಿಫ್ಟ್ ಇದೆಯಲ್ಲೋ.”

“ಕೆಡ್ತಾ ಇರುತ್ತೆ.”

ಹೋಮಿನ ಬಣ್ಣದ ಪುಸ್ತಕವೊಂದನ್ನು ಇಟ್ಟುಹೋದ. ಮುಖಪುಟದಲ್ಲಿ ಮುದುಕರೆಲ್ಲ ಸೇರಿ ಒಂದು ಬಲೂನಿಗೆ ಹೊಡೆಯುತ್ತಿದ್ದಾರೆ. ಎಲ್ಲರಿಗೂ ಒಂದೇ ನಗು, ಒಬ್ಬನೇ ದರ್ಜಿ ಹೊಲಿದ ಹಾಗೆ. ಹೋಗುವಾಗ ಕಿವಿಯಲ್ಲಿ ಹೇಳಿದಂತೆ ಹೇಳಿದ: “ಒಂದು ಸಲ ಇಲ್ಲಿ ಸೆಟ್ಲ್ ಆದ್ರೆ ಅಮ್ಮನ್ನ ಮತ್ತೆ ಅಲುಗಾಡಿಸೋಕಾಗಲ್ಲ. ಯೋಚನೆ ಮಾಡಿ.”

ಯೋಚನೆ ಮಾಡಿದೆ. ಅತ್ತೆಯ ಮೇಲೆ ನನಗೇನೂ ಮಮಕಾರ ಉಕ್ಕುತ್ತಿಲ್ಲ. ಈ ಮನುಷ್ಯ ಗೆಲ್ಲಬಾರದು, ಅಷ್ಟೇ.

ಮಾರ್ಚ್ 6, ಸಂಜೆ

ಆಸ್ಪತ್ರೆ. ಅತ್ತೆ ದಿಂಬಿಗೆ ಒರಗಿ ನರ್ಸನ್ನು ಗದರಿಸುತ್ತಿದ್ದರು. ನನ್ನನ್ನು ಕಂಡು ಆ ಹುಡುಗಿಯನ್ನು ಬಿಟ್ಟರು.

“ಬಂದ್ರಾ ಅಳಿಯಂದ್ರೇ. ತೂಕ ಇಳಿದಿದೆ. ಸ್ವಂತ ಅಡುಗೆ ತಾನೇ?”

“ನಿಮ್ಮದೂ ಇಳಿದಿದೆ. ನಾಲಿಗೆ ಒಂದು ಬಿಟ್ಟು.”

ನೇರವಾಗಿ ಕೇಳಿದೆ: ನನ್ನ ಮನೆಯೇ ಯಾಕೆ? ಹೋಮಿನಲ್ಲಿ ಗಾಳಿಯಿದೆ, ತೋಟವಿದೆ, ಬಲೂನಿದೆ.

“ಅಲ್ಲಿ ನನ್ನ ಕೆನ್ನೆ ಹಿಂಡ್ತಾರೆ,” ಎಂದರು. “ಸೊಂಟ ಮುರಿಯೋಕೆ ಮುಂಚೆನೇ ಒಂದು ಸಲ ನೋಡೋಕೆ ಅಂತ ಮಗ ಕರ್ಕೊಂಡು ಹೋಗಿದ್ದ. ‘ಅಜ್ಜಿ, ಜಾಣಮರಿ, ಬನ್ನಿ ಮೈ ತೊಳೆಸ್ತೀನಿ’ ಅಂತ ಒಬ್ಬಳು ಸೋಪ್ ಹಿಡ್ಕೊಂಡು ಬಂದ್ಲು. ನನ್ನ ಮೈ ನಾನು ತೊಳ್ಕೋಬೇಕು. ಅದೊಂದು ಉಳಿದರೆ ಸಾಕು. ಮತ್ತೆ ನೀವು… ನಮ್ಮಿಬ್ಬರ ಜಗಳಕ್ಕೆ ಇಷ್ಟು ವರ್ಷ ಆಯ್ತು. ಈ ವಯಸ್ಸಿನಲ್ಲಿ ಹೊಸಬರ ಜೊತೆ ಮೊದಲಿಂದ ಶುರು ಮಾಡೋಕಾಗುತ್ತಾ?”

ಲಾಜಿಕ್ ಸರಿಯಾಗಿತ್ತು. ಒಪ್ಪಿಕೊಳ್ಳಲಿಲ್ಲ.

ಮಾರ್ಚ್ 9

ಇಳಿಜಾರಿನ ಬಗ್ಗೆ ಎಕ್ಸ್‌ಪರ್ಟ್ ಜೊತೆ ಮಹಾಯುದ್ಧ. ಆಸಾಮಿ ನೆಲವನ್ನು ಕೇರಂ ಬೋರ್ಡಿನ ಹಾಗೆ ಮಟ್ಟಸ ಮಾಡಹೊರಟಿದ್ದಾನೆ. ಒಂದು ತಂಬಿಗೆ ಸುರಿದು ತೋರಿಸಿದೆ. ನೀರು ನಿಂತಲ್ಲೇ ನಿಂತಿತು, ಸರ್ಕಾರಿ ಫೈಲಿನ ಹಾಗೆ.

“ಆಮೇಲೆ ಸರಿಹೋಗುತ್ತೆ ಸಾರ್. ವಿಡಿಯೋದಲ್ಲಿ ಹೀಗೇ ಮಾಡಿದಾರೆ.”

“ಯಾವ ವಿಡಿಯೋ?”

ಫೋನು ತೆಗೆದ. ಅದು ಈಜುಕೊಳದ ವಿಡಿಯೋ! ವೆಟ್ ರೂಮ್ ಈ ಜನ್ಮದಲ್ಲಿ ಕಟ್ಟಿಲ್ಲ ಎಂದು ಅಲ್ಲಿಗೆ ಬಯಲಾಯಿತು. ಆಮೇಲೆ ಕಮಾಂಡ್ ನನ್ನದು. ಇನ್‌ಕ್ಲೈನ್ಡ್ ಪ್ಲೇನ್ ಬಗ್ಗೆ ಒಂದು ಲೆಕ್ಚರ್ ಕೊಟ್ಟೆ. ಎ ಬಾಡಿ ಪ್ಲೇಸ್ಡ್ ಆನ್ ಆ್ಯನ್ ಇನ್‌ಕ್ಲೈನ್ಡ್ ಪ್ಲೇನ್ ಶಲ್… ಮುಂದಿನದು ನೆನಪಾಗಲಿಲ್ಲ. ಸೈನ್ ಥೀಟಾ ಎಲ್ಲೋ ಬರುತ್ತದೆ. ಅವನಿಗೇನು ಗೊತ್ತಾಗಬೇಕು? ಇಳಿಜಾರು ಜಾಸ್ತಿ ಮಾಡು ಎಂದೆ. “ಎಷ್ಟು ಸಾರ್?” “ನಾನು ಸಾಕು ಅನ್ನೋವರೆಗೆ.” ಸಾಕು ಎಂದು ಬೇಗ ಹೇಳುವ ಸ್ವಭಾವ ನನ್ನದಲ್ಲ.

ಮಾರ್ಚ್ 13

ಟೈಲ್ಸ್ ಮುಗಿದಿದೆ. ಬೂದು ಬಣ್ಣ, ಒರಟು ಮೈ. ಒಂದು ಬಕೆಟ್ ಸುರಿದೆ. ಪೊಲೀಸರನ್ನು ಕಂಡವರ ಹಾಗೆ ನೀರು ಜಾಲರಿಗೆ ಓಡಿತು. ಭಾವಮೈದುನನಿಗೆ ಫೋಟೋ ಕಳಿಸಿದೆ. ಉತ್ತರಕ್ಕೆ ಒಂದು ಹೆಬ್ಬೆಟ್ಟು ಬಂತು, ಬರೀ ಹೆಬ್ಬೆಟ್ಟು. ಅಕ್ಷರ ಕಲಿಸಿದ ಮಾಸ್ತರರು ಧನ್ಯರು.

ಮಾರ್ಚ್ 14, ಮಧ್ಯಾಹ್ನ

ಸ್ನಾನದ ಕುರ್ಚಿ ಬಂತು. ಅಲ್ಯೂಮಿನಿಯಂ, ನಾಲ್ಕು ಗಾಲಿ, ನಡುವೆ ತೂತಿರುವ ಪ್ಲಾಸ್ಟಿಕ್ ಸೀಟು. ರಾಜಸಿಂಹಾಸನವೇನಲ್ಲ. ಟೆಸ್ಟ್ ಮಾಡೋಣವೆಂದು ಬಾಗಿಲು ಹಾಕಿಕೊಂಡು ಕೂತೆ. ಪ್ಯಾಂಟು ಹಾಕಿಕೊಂಡೇ, ದೇವರು ದೊಡ್ಡವನು.

ಹೊರಟಿತು.

ನಾನೇನೂ ಮಾಡಲಿಲ್ಲ, ಕುರ್ಚಿ ತಾನೇ ಹೊರಟಿತು. ನಿಧಾನಕ್ಕೆ ಶುರುವಾಗಿ, ಆಮೇಲೆ ನಿಧಾನಕ್ಕಲ್ಲ. ಮೂಲೆಯ ಗೋಡೆಗೆ ಮೊಣಕಾಲು, ಗೋಡೆಗೆ ಮೂಗು. ಒಂದು ಗಾಲಿ ಜಾಲರಿಗೆ ಸಿಕ್ಕಿಕೊಂಡಿತು. ಎದ್ದರೆ ಕುರ್ಚಿ ಹಿಂದಿನಿಂದ ತಳ್ಳುತ್ತದೆ, ಕೂತರೆ ಗೋಡೆ ತಳ್ಳುತ್ತದೆ. ಎಕ್ಸ್‌ಪರ್ಟನ್ನು ಕೂಗಬೇಕಾಯಿತು. ಬಾಗಿಲು ತೆಗೆದವನು ಬಾಯಿ ಮುಚ್ಚಿಕೊಂಡು ನಿಂತ, ಭುಜ ಕುಣಿಯುತ್ತಿತ್ತು.

“ಸಾರ್, ಅಲ್ಲಿ ಏನು ನೋಡ್ತಿದೀರಿ?”

“ಟೈಲ್ಸಿನ ಸಂದಿಗೆ ತುಂಬಿದ ಗ್ರೌಟ್ ನೋಡ್ತಿದೀನಿ. ಎಳೆಯೋ!”

ಬ್ರೇಕ್ ಹಾಕಿ ಮತ್ತೆ ಕೂತೆ, ಸೋಪು ಕದಡಿ ಶವರ್ ಬಿಟ್ಟೆ. ಗಾಲಿ ತಿರುಗಲಿಲ್ಲ, ಸೋಪಿನ ನೀರಿನ ಮೇಲೆ ಹಾಗೇ ಜಾರಿತು. ಮತ್ತೆ ಅದೇ ಮೂಲೆ. ನನ್ನ ಸೊಂಟ ಗಟ್ಟಿ, ನಾನು ತಡೆದುಕೊಂಡೆ. ಅವರದು ಆಗಲೇ ಮುರಿದದ್ದು.

ಕುರ್ಚಿ ಮಾಡಿದ ಕಂಪನಿಯವನು ಮೂರ್ಖ. ಇಳಿಜಾರೂ… ಇರಲಿ.

ಮಾರ್ಚ್ 15

ಮತ್ತೆ ಒಡೆಯಬೇಕು. ಶವರಿನ ಕೆಳಗಿನ ಭಾಗ ಪೂರ್ತಿ. ಒಡೆದರೆ ಕೆಳಗಿನ ರಬ್ಬರೂ ಹರಿಯುತ್ತದೆ. ಮತ್ತೆ ಬಳಿದು, ಅದು ಒಣಗಿದ ಮೇಲೆ ಟೈಲ್ಸ್. ಹದಿನೆಂಟಕ್ಕೆ ಆಗುವುದು ಕಷ್ಟ ಎಂದ ಎಕ್ಸ್‌ಪರ್ಟ್. ಅಂಗಡಿಯಲ್ಲಿ ಬೂದು ಬಣ್ಣ ಖಾಲಿ. ಕಂದು ಇದೆಯಂತೆ.

ಭಾವಮೈದುನನಿಗೆ ಫೋನ್ ಮಾಡಿದೆ. ಎರಡು ದಿನ ತಡೆಯೋ ಎಂದೆ. ಪ್ಲೀಸ್ ಎಂದೆ. ಈ ನಾಲಿಗೆಯಿಂದ, ಆ ಪ್ರಾಣಿಗೆ, ಪ್ಲೀಸ್.

ಅವನು ಅದನ್ನು ಚಪ್ಪರಿಸಿ ಮುಗಿಸಿಯೇ ಬಾಯಿ ಬಿಟ್ಟ.

“ಆಸ್ಪತ್ರೆಯೋರು ಬೆಡ್ ಇಟ್ಕೊಳಲ್ಲ ಭಾವ. ಒಂದು ಕೆಲಸ ಮಾಡೋಣ. ಹದಿನೆಂಟಕ್ಕೆ ನಿಮ್ಮನೆಗೇ ಕರ್ಕೊಂಡು ಬರ್ತೀನಿ. ಅಮ್ಮ ಒಂದು ಸಲ ಸ್ನಾನ ಮಾಡ್ಲಿ, ಒಬ್ಬಳೇ. ಆದ್ರೆ ಆಯ್ತು. ಇಲ್ಲದಿದ್ರೆ ಬ್ಯಾಗ್ ಕಾರಲ್ಲೇ ಇರುತ್ತೆ, ಸೀದಾ ಹೋಮ್. ಆಮೇಲೆ ನೀವೂ ಮಾತಾಡಬಾರದು, ಅಮ್ಮನೂ ಮಾತಾಡಬಾರದು.”

ಅಮ್ಮ ಮಾತಾಡಬಾರದಂತೆ. ಇವನು ಯಾರ ಹೊಟ್ಟೆಯಲ್ಲಿ ಹುಟ್ಟಿದವನೋ.

ಮಾರ್ಚ್ 17

ಎರಡು ಫ್ಯಾನು ಬಚ್ಚಲಿಗೆ ತಿರುಗಿಸಿಟ್ಟು, ಇವಳ ಹೇರ್ ಡ್ರೈಯರ್ ಹಿಡಿದು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದೆ, ನಿನ್ನೆ ಪೂರ್ತಿ. ನೆಲಕ್ಕೆ ತಲೆ ಬಾಚುವ ಗಂಡಸು ಬೇರೆಲ್ಲೂ ಇರಲಾರ. ಎಕ್ಸ್‌ಪರ್ಟ್ ಇವತ್ತು ಕಂದು ಟೈಲ್ಸ್ ಕೂರಿಸಿದ. ಇಳಿಜಾರು ಎಷ್ಟೆಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕುರ್ಚಿಯಲ್ಲಿ ನಾನು ಕೂರುವುದು, ಅವನು ಗೆರೆ ಎಳೆಯುವುದು, ಏಳುವುದು, ಮತ್ತೆ ಕೂರುವುದು. ಕೊನೆಗೆ ಕುರ್ಚಿ ನಿಂತಿತು. ನೀರು ಹೋಯಿತು. ಆತುರವಿಲ್ಲದೆ ಹೋಯಿತು.

ನೋಡಲು ಮಾತ್ರ ಹರಿದ ಚಡ್ಡಿಗೆ ತೇಪೆ ಹಾಕಿದ ಹಾಗಿದೆ. ಗ್ರೌಟ್ ಇನ್ನೂ ಒಣಗಬೇಕು.

ಮಾರ್ಚ್ 18, ಬೆಳಗ್ಗೆ ಹನ್ನೊಂದು

ಬಚ್ಚಲಿನ ಮುಂದೆ ಸ್ಟೂಲ್ ಹಾಕಿಕೊಂಡು ಬರೆಯುತ್ತಿದ್ದೇನೆ. ಅತ್ತೆ ಒಳಗಿದ್ದಾರೆ. ಬಾಗಿಲು ಹಾಕಿದೆ. ಯಾರೂ ಮಾತಾಡಿಸಬಾರದು ಎಂದು ಆರ್ಡರ್. ಬರೆಯಬಾರದು ಎಂದಿಲ್ಲ.

ಹೋಗುವ ಮುಂಚೆ ಕುರ್ಚಿಯಲ್ಲಿ ಕೂತು ನೆಲವನ್ನೊಮ್ಮೆ ನೋಡಿದರು.

“ಈ ಕಂದು ಬಣ್ಣ ಯಾರ ಬುದ್ಧಿ?”

“ನನ್ನದೇ.”

“ಅದಕ್ಕೇ.”

ಗಾಲಿಯನ್ನು ತಾವೇ ತಳ್ಳಿಕೊಂಡು ಹೋದರು. ಹೊಸ್ತಿಲಿದ್ದ ಜಾಗ ಗೊತ್ತೇ ಆಗಲಿಲ್ಲ.

ಭಾವಮೈದುನ ನಡುಮನೆಯಲ್ಲಿ ಶೂ ಬಿಚ್ಚದೆ ಕೂತಿದ್ದಾನೆ. ಕಾರಿನ ಕೀಯನ್ನು ಬೆರಳಲ್ಲಿ ಗಿರಗಿರ ತಿರುಗಿಸುತ್ತಿದ್ದಾನೆ. ಹೋಮಿನವರಿಗೆ ಫೋನಿನಲ್ಲಿ ಹೇಳಿದ್ದೂ ಕೇಳಿಸಿತು: “ಇನ್ನೇನು, ಹೊರಟ್ವಿ.”

ನೀರಿನ ಸದ್ದು. ನಿಂತಿತು. ಮತ್ತೆ ಬಂತು. ಕುರ್ಚಿಯ ಸದ್ದಿಲ್ಲ.

ಧಡ್ ಎಂದಿತು.

ಅವನು ಬಂದು ನಿಂತಿದ್ದಾನೆ. “ಸಾಕು ಭಾವ, ಬಾಗಿಲು ತೆಗೀರಿ.” ತೆಗೆಯಲಿಲ್ಲ. ಬೆನ್ನು ಬಾಗಿಲಿಗೆ ಕೊಟ್ಟು ನಿಂತೆ. ನಿಂತೇ ಬರೆಯುತ್ತಿದ್ದೇನೆ. ಅತ್ತೇ ಎಂದು ಕೂಗಿದೆ. ಆರ್ಡರ್ ಮುರಿದೆ.

“ಸೋಪಿನ ಡಬ್ಬಿ ಬಿತ್ತು! ಡಬ್ಬಿನೂ ಬೀಳಬಾರದಾ ಈ ಮನೇಲಿ?”

ಮತ್ತೆ ನೀರು. ತುಂಬಾ ಹೊತ್ತು. ಬೇಕೆಂದೇ ಇರಬೇಕು. ನಲ್ಲಿ ಮುಚ್ಚಿದ ಸದ್ದು.

“ಒಣ ಬಟ್ಟೆ ತಂದಿಲ್ಲ. ಬ್ಯಾಗಲ್ಲಿದೆ.”

“ಒಂದು ಜೊತೆ ತಂದ್ಕೊಡ್ತೀನಮ್ಮ, ಹಾಕ್ಕೊಂಡು ಹೊರಡೋಣ.”

“ಒಂದು ಜೊತೆ ಯಾಕೋ? ಬ್ಯಾಗೇ ಇಳಿಸು. ಎರಡನ್ನೂ.”

ಇವನು ಇನ್ನೂ ಬಾಯಿ ಬಿಟ್ಟುಕೊಂಡು ನಿಂತಿದ್ದಾನೆ. ಬ್ಯಾಗ್ ಇಳಿಸುವುದಕ್ಕೂ ಯಾರಾದರೂ ವಿಡಿಯೋ ತೋರಿಸಬೇಕೇನೋ. ಕೀ ಕಿತ್ತುಕೊಂಡೆ. ನಾನೇ ಹೋಗಿ ಎರಡನ್ನೂ ಇಳಿಸುತ್ತೇನೆ.